ಉಪ್ಪಿನ ಮೇಲೊಂದು ಜೀರಿಗೆ

ಹೋದ ವಾರ ತೆಗೆದ ಫೋಟೊ ಒಂದನ್ನು ಡೊಂಬಿವಲಿಯ ಮನೆಯಲ್ಲಿ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ, ಇಳಿಸಿ, ಮತ್ತೆ ಏರಿಸಿ ನೋಡಿದಳು. ‘ಉಪ್ಪಿನ ಮೇಲೊಂದು ಜೀರಿಗೆ ಬಿದ್ದ ಹಾಗಿದೆಯಲ್ಲೋ’ ಅಂದಳು. ಇದಕ್ಕಿಂತ ಒಳ್ಳೆಯ ವಿಮರ್ಶೆ ನನಗೆ ಈವರೆಗೆ ಸಿಕ್ಕಿಲ್ಲ.

ಉಪ್ಪು ಹೌದು, ಮುಂಬಯಿಯ ಭಾಂಡುಪಿನ ಉಪ್ಪಿನಾಗರದ್ದು. ಇಲ್ಲಿಯವರ ಬಾಯಲ್ಲಿ ಮಿಠಾಗರ್. ಜೀರಿಗೆ ಎಂದರೆ ಲಿಟಲ್ ಸ್ಟಿಂಟ್ ಎಂಬ ಹಕ್ಕಿ. ಉದ್ದ 12ರಿಂದ 14 ಸೆಂಟಿಮೀಟರ್, ಗುಬ್ಬಚ್ಚಿಗಿಂತ ತುಸು ಚಿಕ್ಕದೇ. ಮರಿ ಮಾಡುವುದು ಉತ್ತರ ಧ್ರುವದಂಚಿನ ಟಂಡ್ರಾದಲ್ಲಿ, ಚಳಿಗಾಲ ಕಳೆಯುವುದು ನಮ್ಮ ಠಾಣೆ ಖಾರಿಯ ಕೆಸರಿನಲ್ಲಿ. ಹಿಮದ ಮೇಲೆ ಒಂದು ಚಿಕ್ಕ ಜೀವವನ್ನಿಟ್ಟು ಉಳಿದದ್ದನ್ನೆಲ್ಲ ಬರಿದಾಗಿ ಬಿಡುವ ಚಿತ್ರಗಳ ಹುಚ್ಚು ನನಗೆ ಹಳೆಯದು. ಜಪಾನಿನ ಹೊಕ್ಕೈಡೋದ ಹಿಮದಲ್ಲಿ ಒಂಟಿ ಮರಗಳನ್ನು ಕಪ್ಪುಬಿಳುಪಿನಲ್ಲಿ ಹಿಡಿದ ಛಾಯಾಗ್ರಾಹಕ ಮೈಕೆಲ್ ಕೆನ್ನ ಹಚ್ಚಿದ ಹುಚ್ಚು ಅದು. ಹೊಕ್ಕೈಡೋಗೆ ಟಿಕೆಟ್ ತೆಗೆಸುವ ಶಕ್ತಿಯಿಲ್ಲ. ಹಿಮದ ನಾಡಿನ ಹಕ್ಕಿಯೇ ಲೋಕಲ್ ರೈಲಿನ ದೂರಕ್ಕೆ ಬರುವಾಗ ಚಿಂತೆ ಯಾಕೆ?

ಆದರೆ ಮುಂಬಯಿಯಲ್ಲಿ ಬಿಳಿ ತಾನಾಗಿ ಸಿಗುವುದಿಲ್ಲ, ಮಾಡಿಕೊಳ್ಳಬೇಕು. ಉಪ್ಪಿನ ರಾಶಿ ಹೆದ್ದಾರಿಯಿಂದ ಬೆಳ್ಳಗೆ ಕಂಡರೂ ಹತ್ತಿರದಿಂದ ಮಣ್ಣು ಬೆರೆತ ಬಿಳಿ. ನಿಜವಾದ ಬಿಳಿ ಇರುವುದು ಪಾತಿಗಳಲ್ಲಿ ನಿಂತ ತೆಳು ನೀರಿನಲ್ಲಿ, ಅದೂ ಜನವರಿಯ ಬೆಳಗಿನ ಮಬ್ಬು ಆಕಾಶ ಅದರಲ್ಲಿ ಬಿದ್ದಾಗ. ನಗರದ ಹೊಗೆಮಂಜಿಗೆ ನಾನು ಕೈಮುಗಿಯುವ ಹೊತ್ತು ಅದೊಂದೇ. ಕ್ಯಾಮೆರಾದ ಮೀಟರಿಗೋ ಲೋಕವೆಲ್ಲ ಬೂದು ಬಣ್ಣದ್ದೆಂಬ ನಂಬಿಕೆ. ಹಿಮ ತೋರಿಸಿದರೂ ಬೂದಿ ಮಾಡುತ್ತದೆ, ಈ ನೀರನ್ನೂ ಬಿಡುವುದಿಲ್ಲ. ಅದರ ಮಾತು ಕೇಳದೆ ಒಂದರಿಂದ ಒಂದೂವರೆ ಸ್ಟಾಪ್ ಹೆಚ್ಚು ಬೆಳಕು ಕೊಡಿ. ಹಿಸ್ಟೋಗ್ರಾಮಿನ ಗುಡ್ಡ ಬಲಗಡೆಯ ಗೋಡೆಯ ಹತ್ತಿರ ಬರಲಿ, ಗೋಡೆಗೆ ಒರಗದಿರಲಿ.

ಇನ್ನೊಂದು ವಿಷಯದಲ್ಲಿ ಗೆಳೆಯರೊಡನೆ ನನಗೆ ಜಗಳವೇ ಇದೆ. ಹಕ್ಕಿ ಕಂಡರೆ ಹೊಟ್ಟೆಯ ಮೇಲೆ ಮಲಗು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಇಲ್ಲಿ ಮಲಗಿದರೆ ಹಕ್ಕಿಯ ತಲೆಯ ಹಿಂದೆ ಕಾಂಡ್ಲಾದ ಹಸಿರು ಗೋಡೆ, ಅದರ ಹಿಂದೆ ಮೂವತ್ತು ಮಹಡಿಯ ಕಟ್ಟಡ. ಬದುವಿನ ಮೇಲೆ ನಿಂತೇ ತೆಗೆಯಿರಿ, ಹಿನ್ನೆಲೆಯಲ್ಲಿ ನೀರು ಬಿಟ್ಟು ಬೇರೇನೂ ಉಳಿಯುವುದಿಲ್ಲ. ಆರುನೂರು ಎಂಎಂ ಲೆನ್ಸಿನವರು ಚೌಕಟ್ಟಿನ ತುಂಬ ಗರಿಗಳನ್ನು ಎಣಿಸುತ್ತಿರಲಿ ಪಾಪ, ನನಗೆ ಇನ್ನೂರು ಸಾಕು. ಚಿಕ್ಕದನ್ನು ಚಿಕ್ಕದಾಗಿಯೇ ಬಿಡಬೇಕು.

ಹೋಗುವುದಾದರೆ ಉಬ್ಬರದ ವೇಳೆ ನೋಡಿಕೊಂಡು ಹೋಗಿ. ಖಾರಿಯ ಕೆಸರು ಮುಳುಗಿದಾಗಲೇ ಹಕ್ಕಿಗಳು ಭಾಂಡುಪ್ ಪಂಪಿಂಗ್ ಸ್ಟೇಷನ್ ಕಡೆಯ ಪಾತಿಗಳಿಗೆ ಬರುವುದು. ಬದು ಬಿಟ್ಟು ಇಳಿಯಬೇಡಿ. ಒಮ್ಮೆ ನಾನು ಇಳಿದು ಮೊಣಕಾಲತನಕ ಹೂತೆ. ಅಲ್ಲೇ ಇದ್ದ ಆಗ್ರಿ ಅಜ್ಜನೊಬ್ಬರು ಕೈಕೊಟ್ಟು ಎಳೆದು ಚಪ್ಪಲಿಯೊಂದನ್ನು ಕೆಸರಿಗೇ ಬಿಟ್ಟುಕೊಡಿಸಿದರು. ಆಗರದಲ್ಲಿ ದುಡಿದವರಾದ್ದರಿಂದಲೇ ಅವರ ಜನಕ್ಕೆ ಆಗ್ರಿ ಎಂಬ ಹೆಸರು. ಆ ಕೆಸರಿನ ಆಳ ಅವರಿಗೆ ಗೊತ್ತು, ನನ್ನ ಟ್ರೈಪಾಡಿಗೆ ಗೊತ್ತಿಲ್ಲ.

ಎಷ್ಟು ಚಳಿಗಾಲ ಹೀಗೆ ಹೋಗಬಹುದೋ. ಕಾಂಜೂರ್‌ಮಾರ್ಗ್, ಭಾಂಡುಪ್, ಮುಲುಂಡ್ ಕಡೆಯ ಸುಮಾರು 256 ಎಕರೆ ಉಪ್ಪಿನ ಜಮೀನನ್ನು ಧಾರಾವಿ ಕೊಳೆಗೇರಿ ಪುನರಾಭಿವೃದ್ಧಿ ಯೋಜನೆಯ ಮನೆಗಳಿಗೆ ಬಳಸಲು ರಾಜ್ಯ ಸಂಪುಟ 2024ರಲ್ಲಿ ಒಪ್ಪಿದೆ. ಮನೆಯಿಲ್ಲದವರಿಗೆ ಮನೆ ಬೇಡವೆನ್ನಲು ನನಗೆ ಬಾಯಿಲ್ಲ. ಪಾತಿಯ ನೀರು ಹೋಗಲಿ ಎನ್ನಲೂ ಬಾಯಿಲ್ಲ.

ಅಮ್ಮ ಮೆಚ್ಚಿದ ಆ ಚಿತ್ರವನ್ನು ಗೋಡೆಗೆ ಹಾಕಲೆಂದು ದೊಡ್ಡದಾಗಿ ಮುದ್ರಿಸಲು ಕೊಟ್ಟಿದ್ದೆ. ಕಾಗದ ಚೆನ್ನಾಗಿತ್ತು, ಬಿಳಿಯೂ ಬಿಳಿಯಾಗಿಯೇ ಬಂದಿತ್ತು. ಹಕ್ಕಿ ಮಾತ್ರ ಕಾಣಲಿಲ್ಲ. ‘ಸರ್, ನಡುವೆ ಒಂದು ಧೂಳಿನ ಚುಕ್ಕೆ ಇತ್ತು, ಕ್ಲೀನ್ ಮಾಡಿಬಿಟ್ಟೆ’ ಅಂದ ಲ್ಯಾಬಿನ ಹುಡುಗ. ಅದಕ್ಕೆ ಬೇರೆ ದುಡ್ಡು ತೆಗೆದುಕೊಳ್ಳಲಿಲ್ಲ.