ಇನ್ಸುಲಿನ್ ಕೋಶಗಳೂ ಶ್ರಾವಕನ ವಿವೇಕವೂ

ಮೊದಲನೆಯ ಬಗೆಯ ಮಧುಮೇಹದಲ್ಲಿ ದೇಹವು ತನ್ನ ಇನ್ಸುಲಿನ್ ಕೋಶಗಳನ್ನು ತಾನೇ ನಾಶಗೊಳಿಸುತ್ತದೆ. ಅಂಥ ಕೋಶಗುಚ್ಛಗಳನ್ನು ಪ್ರಯೋಗಶಾಲೆಯಲ್ಲಿ ಬೆಳೆಸಿ ರೋಗಿಯ ದೇಹದಲ್ಲಿ ನೆಲೆಗೊಳಿಸುವ ಪ್ರಯತ್ನ ಈಗ ಫಲ ಕೊಡತೊಡಗಿದೆ. 2025ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಬಳಿಕ ಚುಚ್ಚುಮದ್ದು ಬೇಕಾಗಲಿಲ್ಲ. ಇದನ್ನು ಕೇಳಿದವರು ಎರಡು ಮಾತು ಆಡಬಹುದು: ಇದು ಜೀವಹಿಂಸೆ, ಆದ್ದರಿಂದ ತ್ಯಾಜ್ಯ, ಅಥವಾ ಪ್ರಾಣ ಉಳಿದರೆ ಸಾಕು, ಮೂಲವನ್ನು ಕೇಳಬೇಕಿಲ್ಲ. ಎರಡೂ ಅರ್ಧ ವಿಚಾರಗಳು.

ಮೊದಲ ಮಾತನ್ನು ಇನ್ಸುಲಿನ್ನಿನ ಚರಿತ್ರೆಯೇ ತಿದ್ದುತ್ತದೆ. 1921ರಲ್ಲಿ ಟೊರಾಂಟೊದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ನಾಯಿಗಳ ಮೇಲೆ ಪ್ರಯೋಗ ನಡೆಸಿದರು. ಮುಂದೆ ದಶಕಗಳ ಕಾಲ ದನ, ಹಂದಿಗಳ ಮೇದೋಜೀರಕ ಗ್ರಂಥಿಯೇ ಔಷಧದ ಮೂಲವಾಗಿತ್ತು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ನಿಗೆ ಅಮೆರಿಕದಲ್ಲಿ ಅನುಮತಿ ದೊರೆಯಿತು; 2004ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಯೀಸ್ಟ್ ಮೂಲಕ ತಯಾರಿಸಿದ ಇನ್ಸುಲಿನ್ನನ್ನು ಮಾರುಕಟ್ಟೆಗೆ ತಂದಿತು. ಪಂಚೇಂದ್ರಿಯ ಜೀವಿಯ ವಧೆಯಿಂದ ಏಕೇಂದ್ರಿಯದತ್ತ ಬಂದ ಈ ದಾರಿ ಹಿಂಸೆಯನ್ನು ಕಡಿಮೆ ಮಾಡಿದ ದಾರಿ. ತ್ರಸಜೀವಿಗಳ ಸಂಕಲ್ಪೀ ಹಿಂಸೆಯನ್ನು ಬಿಟ್ಟು ಸ್ಥಾವರ ಹಿಂಸೆಯನ್ನು ಮಿತಗೊಳಿಸುವ ಅಣುವ್ರತಿಗೆ ಈ ತಾರತಮ್ಯ ಹೊಸದಲ್ಲ.

ಎರಡನೆಯ ಮಾತೂ ನಿಲ್ಲದು. 2014ರಲ್ಲಿ ಹಾರ್ವರ್ಡಿನ ಡಗ್ಲಸ್ ಮೆಲ್ಟನ್ ತಂಡವು ಮಾನವ ಭ್ರೂಣದ ಕಾಂಡಕೋಶಗಳಿಂದ ಇನ್ಸುಲಿನ್ ಕೋಶಗಳನ್ನು ಬೆಳೆಸಿ ಇಲಿಗಳಲ್ಲಿ ಪರೀಕ್ಷಿಸಿತು. ಕೋಶಗಳನ್ನು ಬೆಳೆಸಲು ಹುಟ್ಟದ ಕರುವಿನ ರಕ್ತದ ಸೀರಂ ಬಳಸುವುದೂ ಪ್ರಯೋಗಶಾಲೆಗಳಲ್ಲಿ ಬಹುಕಾಲದ ರೂಢಿ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿಯೂ ತ್ಯಜಿಸಿದ ಭ್ರೂಣಗಳಿಂದ ಇಂಥ ಕಾಂಡಕೋಶಗಳು ಸಿದ್ಧವಾಗಿವೆ. ಹೇಗೂ ಎಸೆಯಲಿದ್ದ ಭ್ರೂಣವೆಂಬ ಸಮಾಧಾನ ಸಾಲದು; ಕೃತ, ಕಾರಿತ, ಅನುಮೋದನಗಳಲ್ಲಿ ಕೊನೆಯದಕ್ಕೂ ಹೊಣೆಯುಂಟು. ಬೇರೆ ದಾರಿ ಇಲ್ಲವೆಂದೂ ಹೇಳಲಾಗದು. 2024ರಲ್ಲಿ ಚೀನಾದ ವಿಜ್ಞಾನಿಗಳು ರೋಗಿಯ ಸ್ವಂತ ಕೊಬ್ಬಿನ ಅಂಶದಿಂದ ಪಡೆದ ಕೋಶಗಳನ್ನೇ ಮಾರ್ಪಡಿಸಿ ಇನ್ಸುಲಿನ್ ಕೋಶಗಳನ್ನಾಗಿ ಅದೇ ರೋಗಿಗೆ ಕೊಟ್ಟ ವರದಿ ಪ್ರಕಟವಾಯಿತು. ಶ್ರಾವಕನು ಬೆಂಬಲಿಸತಕ್ಕುದು ಈ ದಿಕ್ಕನ್ನು.

ದೇವಸ್ಥಾನದ ಟ್ರಸ್ಟುಗಳಿಗೆ ಇನ್ನೊಂದು ವಿವೇಕ ಬೇಕು. ಪರರ ಕೋಶಗಳನ್ನು ದೇಹ ತಿರಸ್ಕರಿಸದಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಗಳನ್ನು ಸೇವಿಸುತ್ತಿರಬೇಕು. ಸೋಂಕಿನ ಅಪಾಯ ಅದರ ಬೆನ್ನಿಗೇ ಇದೆ. ಮೇಲೆ ಹೇಳಿದ 2025ರ ಪ್ರಯೋಗದಲ್ಲಿ ಒಬ್ಬರು ಮೆದುಳುಪೊರೆಯ ಸೋಂಕಿನಿಂದ ತೀರಿಕೊಂಡರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯ ಪ್ರಕಾರ ಮಧುಮೇಹಕ್ಕೆ ಕಾಂಡಕೋಶ ಬಳಕೆ ಅನುಮತಿ ಪಡೆದ ಪ್ರಯೋಗಗಳಿಗಷ್ಟೇ ಸೀಮಿತ. ಆದ್ದರಿಂದ ಹಣ ಪಡೆದು ಗುಣಪಡಿಸುವೆವೆಂಬ ಜಾಹೀರಾತನ್ನು ನಂಬಿ ನಿಧಿ ಕೊಡುವುದು ದಾನವಲ್ಲ, ಪ್ರಮಾದ.

ಸಿಂದಗಿ ಬಳಿಯ ಯಂಕಂಚಿಯಂಥ ಊರಿನಲ್ಲಿ ಒಂದು ಮಗುವಿಗೆ ಈ ರೋಗ ಬಂದರೆ ಅದು ನಾಳಿನ ಕೋಶಕ್ಕಾಗಿ ಕಾಯಲಾರದು. ಇಂದಿನ ಇನ್ಸುಲಿನ್, ರಕ್ತಪರೀಕ್ಷೆಯ ಪಟ್ಟಿ, ಬೇಸಿಗೆಯಲ್ಲಿ ಔಷಧ ಕೆಡದಂತೆ ಇಡಲು ತಂಪು ಪೆಟ್ಟಿಗೆ ಅಥವಾ ಒದ್ದೆ ಮಣ್ಣಿನ ಗಡಿಗೆ, ಇವು ತಪ್ಪದೆ ದೊರೆಯಬೇಕು. ನಾಲ್ಕು ದಾನಗಳಲ್ಲಿ ಔಷಧದಾನವನ್ನು ಹೇಳಿದ ಧರ್ಮಕ್ಕೆ ಇದು ಮೊದಲ ಕರ್ತವ್ಯ. ಹೊಸ ಚಿಕಿತ್ಸೆಯ ಮೂಲವನ್ನು ವಿಚಾರಿಸುವುದು ಅದರೊಂದಿಗಿನ ಕರ್ತವ್ಯ.