ಶ್ರವಣ ಮತ್ತು ಸಂವಾದ: ರೇಡಿಯೋ ಸಂದರ್ಶನದಲ್ಲಿ ವೈಷ್ಣವ–ಸಿಖ್ ಉಪದೇಶ

1

ವೈಷ್ಣವ ಹಾಗೂ ಸಿಖ್ ಪರಂಪರೆಗಳೆರಡೂ ಕಿವಿಯನ್ನು ನೆಚ್ಚಿ ಬೆಳೆದ ಪರಂಪರೆಗಳು. ಭಾಗವತದಲ್ಲಿ ಪ್ರಹ್ಲಾದನು ಹೇಳುವ ನವವಿಧ ಭಕ್ತಿಯಲ್ಲಿ ಮೊದಲನೆಯದು ಶ್ರವಣ, ಎರಡನೆಯದು ಕೀರ್ತನ. ಗುರುನಾನಕರ ‘ಜಪುಜಿ’ಯಲ್ಲಿ 38 ಪೌಡಿಗಳಿವೆ, ಪೌಡಿ ಎಂದರೆ ಮೆಟ್ಟಿಲು. ಇವುಗಳಲ್ಲಿ ಎಂಟರಿಂದ ಹನ್ನೊಂದರವರೆಗಿನ ನಾಲ್ಕು ಪೌಡಿಗಳು ಕೇಳುವಿಕೆಯ ಮಹಿಮೆಗೆ ಮೀಸಲಾಗಿವೆ. ಅವುಗಳ ಬೆನ್ನಿಗೇ ಬರುವ ನಾಲ್ಕು ಪೌಡಿಗಳು ಕೇಳಿದ್ದನ್ನು ಮನಸ್ಸಿನಲ್ಲಿ ನೆಲೆಗೊಳಿಸುವುದನ್ನು ಕುರಿತವು. ನಮ್ಮ ಶ್ರವಣ–ಮನನಗಳ ಅನುಕ್ರಮವನ್ನು ಇದು ನೆನಪಿಗೆ ತರುತ್ತದೆ. ಹೀಗಿರುವಾಗ, ಧ್ವನಿಯೊಂದನ್ನೇ ಬಂಡವಾಳವಾಗಿ ಉಳ್ಳ ರೇಡಿಯೋ ಈ ಉಪದೇಶಗಳಿಗೆ ಸಹಜವಾದ ಮಾಧ್ಯಮವಾಗಬೇಕು.

ಆಗಿಯೂ ಇದೆ. 1935ರಲ್ಲಿ ಮೈಸೂರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಆರಂಭಿಸಿದ ಪ್ರಸಾರ ಕೇಂದ್ರ ‘ಆಕಾಶವಾಣಿ’ ಎಂಬ ಹೆಸರನ್ನು ಪಡೆದಂದಿನಿಂದ ದಾಸರ ಪದಗಳು ಕನ್ನಡಿಗರ ಮನೆಗಳಿಗೆ ಬಾನುಲಿಯ ಮೂಲಕವೂ ಬಂದಿವೆ. ಅತ್ತ ಪಂಜಾಬಿನಲ್ಲಿ 1980ರ ದಶಕದ ಆರಂಭದ ಅಕಾಲಿ ಚಳವಳಿಯ ಧಾರ್ಮಿಕ ಬೇಡಿಕೆಗಳಲ್ಲಿ ಅಮೃತಸರದ ಹರಿಮಂದಿರದ ಕೀರ್ತನೆಯನ್ನು ರೇಡಿಯೋದಲ್ಲಿ ಪ್ರಸಾರ ಮಾಡಬೇಕೆಂಬುದೂ ಒಂದಾಗಿತ್ತು. ಒಂದು ಸಮುದಾಯ ತನ್ನ ಕೀರ್ತನೆಯ ಪ್ರಸಾರವನ್ನು ಹಕ್ಕಿನ ಮಾತನ್ನಾಗಿ ಎತ್ತುತ್ತದೆ ಎಂದರೆ ಆ ಮಾಧ್ಯಮವನ್ನು ಹಗುರವಾಗಿ ಕಾಣುವಂತಿಲ್ಲ.

ಪ್ರಸ್ತುತ ಲೇಖನದಲ್ಲಿ ನಾವು ಪರಿಶೀಲಿಸ ಹೊರಟಿರುವುದು ಗಾಯನವನ್ನಲ್ಲ, ಸಂದರ್ಶನವನ್ನು. ಈ ಎರಡು ಪರಂಪರೆಗಳ ಉಪದೇಶವನ್ನು ಜೊತೆಯಾಗಿ ಕೇಳುಗರ ಮುಂದಿಡುವ ಸಂದರ್ಶನ ಏನನ್ನು ಕೇಳುತ್ತದೆ? ಏನನ್ನು ಕೇಳದೆ ಬಿಡುತ್ತದೆ? ಹಾಗೆ ಬಿಟ್ಟದ್ದರಿಂದ ನಷ್ಟವಾಗುವುದೇನು?

2

ಇಂಥ ಸಂದರ್ಶನಗಳ ವಿನ್ಯಾಸ ಬಹುಮಟ್ಟಿಗೆ ಸಿದ್ಧವಾಗಿರುತ್ತದೆ. ಮೊದಲು ಅತಿಥಿಗಳ ಪರಿಚಯ. ಅನಂತರ ಗುರುಗಳ ಅಥವಾ ದಾಸರ ಜೀವನದ ಎರಡು ಮೂರು ಪ್ರಸಂಗಗಳು. ನಡುವೆ ಒಂದು ಹಾಡು. ಕೊನೆಗೆ ಯುವಜನರಿಗೆ ಸಂದೇಶ. ಇವೆಲ್ಲದರ ಮಧ್ಯದಲ್ಲಿ ತಪ್ಪದೆ ಬರುವ ಪ್ರಶ್ನೆಯೊಂದಿದೆ: “ಎಲ್ಲ ಸಂತರ ಬೋಧನೆಯ ಸಾರವೂ ಒಂದೇ ಅಲ್ಲವೇ?” ಅತಿಥಿಗಳು “ಹೌದು, ಒಂದೇ” ಎನ್ನುತ್ತಾರೆ. ಕೇಳುಗನಿಗೆ ಸಮಾಧಾನವಾಗುತ್ತದೆ.

ಈ ಪ್ರಶ್ನೆಯ ಹಿಂದಿರುವ ಸದ್ಭಾವವನ್ನು ನಾವು ಅಲ್ಲಗಳೆಯುವುದಿಲ್ಲ. ಭಿನ್ನ ಮತದವರು ಒಂದೇ ಮೇಜಿನ ಎದುರು ಕುಳಿತು ಗೌರವದಿಂದ ಮಾತನಾಡುವುದು ಸಣ್ಣ ಸಂಗತಿಯಲ್ಲ. ಆದರೆ ವಿಮರ್ಶೆಯ ದೃಷ್ಟಿಯಿಂದ ನೋಡಿದಾಗ ಇದು ಪ್ರಶ್ನೆಯೇ ಅಲ್ಲ. ಪ್ರಶ್ನೆಯ ರೂಪವನ್ನು ತಾಳಿದ ಉತ್ತರ. ಇದಕ್ಕೆ “ಅಲ್ಲ” ಎಂದವನು ಸೌಹಾರ್ದಕ್ಕೆ ವಿರೋಧಿಯಂತೆ ಕಾಣುತ್ತಾನೆ. “ಹೌದು” ಎಂದವನು ತನ್ನ ಪರಂಪರೆ ಶತಮಾನಗಳ ಕಾಲ ಸೂಕ್ಷ್ಮವಾಗಿ ಚಿಂತಿಸಿ ಕಂಡುಕೊಂಡದ್ದನ್ನು ಒಂದು ಮಾತಿನಲ್ಲಿ ಬಿಟ್ಟುಕೊಡುತ್ತಾನೆ. ಮಾತುಕತೆ ಆರಂಭವಾಗಬೇಕಾದ ಕಡೆಯಲ್ಲೇ ಅದು ಮುಗಿಯುತ್ತದೆ.

3

ಹಾಗಾದರೆ ಈ ಎರಡು ಪರಂಪರೆಗಳು ನಿಜವಾಗಿ ಸಂಧಿಸುವ ಎಡೆ ಯಾವುದು? ಅದನ್ನು ಊಹೆಯಿಂದ ಕಟ್ಟಬೇಕಾಗಿಲ್ಲ, ಗ್ರಂಥದಲ್ಲೇ ಇದೆ. 1604ರಲ್ಲಿ ಗುರು ಅರ್ಜುನರು ಸಂಕಲಿಸಿದ ಆದಿಗ್ರಂಥದಲ್ಲಿ ಸಿಖ್ ಗುರುಗಳ ವಾಣಿಯ ಜೊತೆಗೆ ಭಗತರ ವಾಣಿಯೂ ಸೇರಿದೆ. ಅಲ್ಲಿ ಪಂಢರಪುರದ ವಿಠ್ಠಲನ ಭಕ್ತ ನಾಮದೇವರ 61 ಪದಗಳಿವೆ, ‘ಗೀತಗೋವಿಂದ’ದ ಕರ್ತೃವೆಂದು ಪರಂಪರೆ ಗುರುತಿಸುವ ಜಯದೇವರ 2 ಪದಗಳಿವೆ, ರಾಮಾನಂದರ ಒಂದು ಪದವಿದೆ. ರಾಮ, ಹರಿ, ಗೋವಿಂದ, ಗೋಪಾಲ ಎಂಬ ಹೆಸರುಗಳು ಗುರುಗಳ ವಾಣಿಯಲ್ಲಿಯೂ ಧಾರಾಳವಾಗಿ ಬರುತ್ತವೆ.

ಇನ್ನೂ ಮುಖ್ಯವಾದ ಸಂಗತಿಯೊಂದಿದೆ. ಗುರು ಅರ್ಜುನರ ‘ಸುಖಮನಿ’ 24 ಅಷ್ಟಪದಿಗಳ ಕೃತಿ. ಅದರ ಒಂಬತ್ತನೆಯ ಅಷ್ಟಪದಿಯಲ್ಲಿ ‘ವೈಷ್ಣವನೆಂದರೆ ಯಾರು?’ ಎಂಬುದಕ್ಕೆ ನೇರವಾದ ಉತ್ತರವಿದೆ. ಭಗವಂತನ ಪ್ರಸನ್ನತೆಗೆ ಪಾತ್ರನಾದವನು, ಮಾಯೆಗೆ ಅಂಟದವನು, ಫಲವನ್ನು ಬಯಸದೆ ಕರ್ಮವನ್ನು ಮಾಡುವವನು, ಎಲ್ಲರಲ್ಲೂ ದಯೆಯುಳ್ಳವನು, ತಾನು ನಾಮದಲ್ಲಿ ದೃಢನಾಗಿದ್ದು ಇತರರಿಂದಲೂ ನಾಮವನ್ನು ಜಪಿಸುವವನು — ಅವನೇ ವೈಷ್ಣವ ಎಂಬುದು ಅಲ್ಲಿಯ ಭಾವ. ಇದರಲ್ಲಿ ಗೀತೆಯ ನಿಷ್ಕಾಮಕರ್ಮವಿದೆ. ಆದರೆ ಕುಲದ ಮಾತಿಲ್ಲ, ಮುದ್ರೆ–ನಾಮಗಳ ಮಾತಿಲ್ಲ.

ಇಂಥದೇ ಪ್ರಶ್ನೆಯನ್ನು ಗುಜರಾತಿನ ನರಸಿ ಮೆಹ್ತಾ ತಮ್ಮ ಪ್ರಸಿದ್ಧ ಪದದಲ್ಲಿ ಎತ್ತಿಕೊಂಡಿದ್ದರು. ಗುರುನಾನಕರ (1469–1539) ಸಮಕಾಲೀನರಾದ ನಮ್ಮ ಪುರಂದರದಾಸರು ಹೊರವೇಷದ ವೈರಾಗ್ಯವನ್ನು ‘ಉದರವೈರಾಗ್ಯ’ವೆಂದು ಲೇವಡಿ ಮಾಡುವಾಗ ಅವರ ಮನಸ್ಸಿನಲ್ಲಿದ್ದುದೂ ಇದೇ. ಆದ್ದರಿಂದ ಸಂದರ್ಶಕನು ಕೇಳಬೇಕಾದದ್ದು “ಎಲ್ಲವೂ ಒಂದೇ ಅಲ್ಲವೇ?” ಎಂದಲ್ಲ, “ನಿಮ್ಮ ಪರಂಪರೆಯಲ್ಲಿ ವೈಷ್ಣವನೆಂದರೆ ಯಾರು?” ಎಂದು. ಈ ಪ್ರಶ್ನೆಗೆ ಸಿಖ್ ಅತಿಥಿಯೂ ಉತ್ತರ ಹೇಳಬಲ್ಲರು, ವೈಷ್ಣವ ಅತಿಥಿಯೂ ಹೇಳಬಲ್ಲರು. ಎರಡು ಉತ್ತರಗಳು ಎಲ್ಲಿಯವರೆಗೆ ಜೊತೆಯಾಗಿ ನಡೆಯುತ್ತವೆ, ಎಲ್ಲಿ ಅಗಲುತ್ತವೆ ಎಂಬುದು ಆಗ ಕೇಳುಗನಿಗೆ ತಾನಾಗಿಯೇ ತಿಳಿಯುತ್ತದೆ.

4

ಅಗಲುವ ಎಡೆಗಳು ಖಂಡಿತ ಇವೆ. ಗ್ರಂಥಸಾಹಿಬದ ಆರಂಭದ ಮೂಲಮಂತ್ರ ಪರತತ್ತ್ವವನ್ನು ಯೋನಿಜವಲ್ಲದ್ದು ಎಂದು ಹೇಳುತ್ತದೆ. ಅಂದರೆ ಅವತಾರವೆಂಬ ಕಲ್ಪನೆಗೆ ಅಲ್ಲಿ ತತ್ತ್ವದ ಸ್ಥಾನವಿಲ್ಲ. ಹರಿ ಎಂಬ ಹೆಸರು ಉಭಯರಿಗೂ ಸಾಧಾರಣವಾಗಿದ್ದರೂ ದಶಾವತಾರಗಳ ಹರಿ ಬೇರೆ, ರೂಪರೇಖೆಗಳಿಲ್ಲದ ಹರಿ ಬೇರೆ. ರಾಮಾನಂದರ ಆ ಒಂದು ಪದವನ್ನೇ ನೋಡಬಹುದು: ಗಂಧ ಚಂದನಗಳೊಡನೆ ಪೂಜೆಗೆ ಹೊರಟವನಿಗೆ ಗುರುವು ಬ್ರಹ್ಮವನ್ನು ಅವನ ಮನಸ್ಸಿನಲ್ಲೇ ತೋರಿಸಿಕೊಟ್ಟನೆಂಬುದು ಅದರ ತಾತ್ಪರ್ಯ. ವೈಷ್ಣವ ಆಚಾರ್ಯರೊಬ್ಬರು ಗ್ರಂಥದಲ್ಲಿ ಸ್ಥಾನ ಪಡೆದಿರುವುದು ಹೊರಪೂಜೆಯನ್ನು ಮೀರುವ ಮಾತಿನ ಮೂಲಕ. ಇದು ಅರಿತು ಮಾಡಿದ ಆಯ್ಕೆ ಎಂದು ನಾವು ಭಾವಿಸುತ್ತೇವೆ.

ಇತ್ತ ‘ವೈಷ್ಣವ’ ಎಂಬ ಮಾತೂ ಒಂದೇ ಅರ್ಥದ್ದಲ್ಲ. ಕನ್ನಡದ ಹರಿದಾಸರು ಮಾಧ್ವಮತದ ಹಿನ್ನೆಲೆಯವರು. ಆ ಮತದಲ್ಲಿ ಜೀವ, ಜಡ, ಈಶ್ವರರ ನಡುವಣ ಪಂಚಭೇದವು ನಿತ್ಯಸತ್ಯ. ಮುಕ್ತಿಯಲ್ಲಿಯೂ ತಾರತಮ್ಯ ಉಂಟು. ಸಿಖ್ ವಾಣಿಯಾದರೋ ಜ್ಯೋತಿಯು ಜ್ಯೋತಿಯಲ್ಲಿ ಬೆರೆಯುವ ಪರಿಭಾಷೆಯಲ್ಲಿ ಮಾತನಾಡುತ್ತದೆ. ಈ ಎರಡನ್ನೂ ‘ಸಾರ ಒಂದೇ’ ಎಂದರೆ ಇಬ್ಬರಿಗೂ ನ್ಯಾಯ ಸಲ್ಲುವುದಿಲ್ಲ. ಶಬ್ದಗಳ ವಿಷಯದಲ್ಲಿಯೂ ಇದೇ ಎಚ್ಚರ ಬೇಕು. ‘ಹುಕಮ್’ ಎಂಬುದನ್ನು ‘ವಿಧಿ’ ಎಂದು ಕನ್ನಡಿಸಿದರೆ ಹಣೆಬರಹದ ನೆರಳು ಅದರ ಮೇಲೆ ಬೀಳುತ್ತದೆ. ಭಗವಂತನ ಆಜ್ಞೆಗೆ ಮನಸಾರೆ ಒಪ್ಪಿ ನಡೆಯುವ ಭಾವ ಮರೆಯಾಗುತ್ತದೆ.

5

ಭೇದವನ್ನು ಹೇಳುವುದರಿಂದ ಆಗುವ ಲಾಭವೇನು ಎಂದು ಕೇಳಬಹುದು. ಇದಕ್ಕೆ ಒಂದು ನಿದರ್ಶನ ಸಾಕು.

ಭೈರವ ರಾಗದಲ್ಲಿರುವ ನಾಮದೇವರ ಪದವೊಂದರಲ್ಲಿ ಅವರದೇ ಕಥೆಯಿದೆ. ನಗುತ್ತ ಗುಡಿಗೆ ಬಂದು ಪೂಜೆಯಲ್ಲಿ ತೊಡಗಿದ್ದ ಅವರನ್ನು ಹೀನಜಾತಿಯವನೆಂದು ಎಬ್ಬಿಸಿ ಹೊರಗಟ್ಟುತ್ತಾರೆ. ತನ್ನನ್ನು ಬಟ್ಟೆಗೆ ಬಣ್ಣದ ಅಚ್ಚೊತ್ತುವ ಛೀಪನಾಗಿ ಏಕೆ ಹುಟ್ಟಿಸಿದೆ ಎಂದು ಯಾದವರಾಯನನ್ನು ಕೇಳುತ್ತ ಅವರು ಕಂಬಳಿಯನ್ನು ಎತ್ತಿಕೊಂಡು ಗುಡಿಯ ಹಿಂದೆ ಹೋಗಿ ಕೂರುತ್ತಾರೆ. ಅವರು ಗುಣಗಾನ ಮಾಡಿದಂತೆಲ್ಲ ಗುಡಿ ಭಕ್ತನತ್ತ ತಿರುಗುತ್ತದೆ. ಪೂಜಾರಿಗಳಿಗೆ ಅದರ ಬೆನ್ನು ಕಾಣುತ್ತದೆ. ಕನ್ನಡಿಗರಿಗೆ ಇದನ್ನು ಓದಿದೊಡನೆ ಉಡುಪಿಯ ಕನಕನ ಕಿಂಡಿ ನೆನಪಾಗದಿರದು.

ಸಂದರ್ಶನಗಳಲ್ಲಿ ಈ ಎರಡು ಕಥೆಗಳನ್ನು ಜೊತೆಗಿಟ್ಟು “ಭಕ್ತಿಗೆ ಜಾತಿಯಿಲ್ಲ” ಎಂಬ ವಾಕ್ಯದಿಂದ ಮುಗಿಸುವುದು ಸುಲಭ. ಆದರೆ ಸಾಮ್ಯದ ಒಳಗಿರುವ ವ್ಯತ್ಯಾಸವನ್ನು ನಾವು ಗಮನಿಸಬೇಕು. ನಾಮದೇವರ ಅನುಭವ ಅವರ ಅಂಕಿತದಲ್ಲೇ ಧರ್ಮಗ್ರಂಥದ ಒಳಗೆ ಸೇರಿತು. ಹೊರಗಟ್ಟಿದವರ ನಡತೆಯೂ ಆ ಪದದ ಜೊತೆಗೆ ಪವಿತ್ರ ಪಾಠದ ಭಾಗವಾಯಿತು. ಆ ಪಾಠವನ್ನು ಹಾಡುವ ಹರಿಮಂದಿರಕ್ಕೆ ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲುಗಳಿವೆ. ಲಂಗರಿನಲ್ಲಿ ಎಲ್ಲರೂ ಒಂದೇ ಸಾಲಿನಲ್ಲಿ ಕುಳಿತು ಉಣ್ಣುತ್ತಾರೆ. ಕನಕದಾಸರ ಕಥೆ ಮುಖ್ಯವಾಗಿ ಜನಶ್ರುತಿಯಲ್ಲಿ ಬೆಳೆಯಿತು, ಕಿಂಡಿ ಪೂಜ್ಯವಾಯಿತು. ಆದರೆ ಪಂಕ್ತಿಭೇದದ ಪ್ರಶ್ನೆ ಕನ್ನಡ ಸಮಾಜದಲ್ಲಿ ಆಮೇಲೆಯೂ ಮತ್ತೆ ಮತ್ತೆ ಏಳುತ್ತಲೇ ಬಂದಿದೆ. ಅದೇ ವೇಳೆಗೆ ಸಿಖ್ ಸಮಾಜವೂ ಜಾತಿಯಿಂದ ಪೂರ್ತಿಯಾಗಿ ಬಿಡುಗಡೆ ಪಡೆದಿಲ್ಲವೆಂಬುದನ್ನು ಪಂಜಾಬಿನ ಸಾಮಾಜಿಕ ಅಧ್ಯಯನಗಳು ಹೇಳಿವೆ. ಒಂದೆಡೆ ಗ್ರಂಥ ಮುಂದಿದ್ದು ಸಮಾಜ ಹಿಂದುಳಿಯಿತು; ಇನ್ನೊಂದೆಡೆ ಕಥೆ ಮುಂದಿದ್ದು ವ್ಯವಸ್ಥೆ ಹಿಂದುಳಿಯಿತು. ಇಬ್ಬರು ಅತಿಥಿಗಳೂ ತಮ್ಮ ತಮ್ಮ ಪರಂಪರೆಯ ಪರವಾಗಿ ಉತ್ತರಿಸಬೇಕಾದ ಪ್ರಶ್ನೆ ಇದು. ‘ಸಾರ ಒಂದೇ’ ಎಂಬ ಮಾತು ಈ ಪ್ರಶ್ನೆಯಿಂದ ಇಬ್ಬರನ್ನೂ ಪಾರುಮಾಡುತ್ತದೆ. ಅದರ ದೊಡ್ಡ ದೋಷ ಇರುವುದು ಇಲ್ಲಿ.

6

ಸಂದರ್ಶನದ ನಡುವೆ ಬರುವ ಹಾಡಿನ ವಿಚಾರವನ್ನೂ ಇಲ್ಲಿ ಹೇಳಬೇಕು. ಸಾಮಾನ್ಯವಾಗಿ ಅದು ಎರಡು ಪ್ರಶ್ನೆಗಳ ನಡುವಣ ವಿಶ್ರಾಂತಿಯಾಗಿ ಬರುತ್ತದೆ. ಒಂದು ಚರಣ ಮುಗಿಯುವುದರೊಳಗೆ ಧ್ವನಿ ತಗ್ಗಿ ಮಾತು ಮುಂದುವರಿಯುತ್ತದೆ. ಆದರೆ ಗ್ರಂಥಸಾಹಿಬದ 1430 ಪುಟಗಳಲ್ಲಿ ಬಹುಭಾಗ ವಿಂಗಡಣೆಯಾಗಿರುವುದು ವಿಷಯಾನುಸಾರವಾಗಿ ಅಲ್ಲ, ರಾಗಾನುಸಾರವಾಗಿ. ಹರಿದಾಸರ ಸುಳಾದಿಗಳು ತಾಳಗಳ ಬದಲಾವಣೆಯಲ್ಲೇ ವಿಚಾರದ ತಿರುವುಗಳನ್ನು ಸೂಚಿಸುತ್ತವೆ. ಈ ಎರಡು ಪರಂಪರೆಗಳಲ್ಲಿಯೂ ಹಾಡು ಉಪದೇಶಕ್ಕೆ ತೊಡಿಸಿದ ಅಲಂಕಾರವಲ್ಲ, ಅದೇ ಉಪದೇಶ. ಹಾಡನ್ನು ಪೂರ್ತಿ ಕೇಳಿಸಿ, ಅನಂತರ ಅದನ್ನೇ ಕುರಿತು ಪ್ರಶ್ನಿಸುವ ಸಂದರ್ಶನ ಜಪುಜಿ ಹೇಳುವ ಅನುಕ್ರಮಕ್ಕೂ, ಶ್ರವಣ–ಮನನಗಳ ಅನುಕ್ರಮಕ್ಕೂ ಹತ್ತಿರವಾದದ್ದು.

ಪ್ರಶ್ನೆ ಕೇಳುವವನು ಹೇಗಿರಬೇಕೆಂಬುದಕ್ಕೂ ಪರಂಪರೆಯಲ್ಲೇ ಮಾದರಿಗಳಿವೆ. ಭಾಗವತವು ಪರೀಕ್ಷಿತನ ಪ್ರಶ್ನೆಗೆ ಶುಕಮುನಿ ಕೊಟ್ಟ ಉತ್ತರ; ಏಳು ದಿನಗಳಲ್ಲಿ ಸಾಯಲಿರುವವನು ಕೇಳಿದ ಪ್ರಶ್ನೆಯಾದ್ದರಿಂದ ಅದರಲ್ಲಿ ಉಪಚಾರಕ್ಕೆ ಎಡೆಯಿರಲಿಲ್ಲ. ಗುರುನಾನಕರ ‘ಸಿಧ ಗೋಸಟಿ’ಯ 73 ಪದ್ಯಗಳಲ್ಲಿ ನಾಥಸಿದ್ಧರು ನಿನ್ನ ಗುರು ಯಾರು, ನಿನ್ನ ಮಾರ್ಗ ಯಾವುದು ಎಂದು ನಿಷ್ಠುರವಾಗಿಯೇ ಕೇಳುತ್ತಾರೆ. ವೀರಶೈವ ಪರಂಪರೆಯ ‘ಶೂನ್ಯಸಂಪಾದನೆ’ಯಲ್ಲಿ ಅಲ್ಲಮ–ಗೋರಕ್ಷರ ಸಂವಾದವನ್ನು ಬಲ್ಲ ಕನ್ನಡ ಓದುಗರಿಗೆ ಈ ಗೋಷ್ಠಿ ಅಪರಿಚಿತವೆನಿಸದು. ಅಲ್ಲಿ ಯಾರೂ ಯಾರನ್ನೂ ಅವಮಾನಿಸುವುದಿಲ್ಲ. ಆದರೆ ಯಾರೂ ಯಾರನ್ನೂ ಸುಮ್ಮನೆ ಬಿಡುವುದೂ ಇಲ್ಲ.

7

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಈ ಚರ್ಚೆ ಕೇವಲ ಪಾಂಡಿತ್ಯದ ವಿಷಯವಲ್ಲ. ದೆಹಲಿಯಲ್ಲಾಗಲಿ ಮುಂಬಯಿಯಲ್ಲಾಗಲಿ ಗುರುದ್ವಾರ ಅವರ ನೆರೆಯಲ್ಲೇ ಇದೆ. ನೆರೆಯವರಿಗೆ ದಾಸರ ಪದದ ಅರ್ಥವನ್ನು ಹೇಳಬೇಕಾದ, ಅವರಿಂದ ಶಬದ್‌ನ ಅರ್ಥವನ್ನು ಕೇಳಬೇಕಾದ ಸಂದರ್ಭ ದಿನನಿತ್ಯದ್ದು. ಕರ್ನಾಟಕದೊಳಗೂ ಬೀದರಿನ ನಾನಕ್ ಝಿರಾ ಇದೆ. 1699ರಲ್ಲಿ ಆನಂದಪುರದಲ್ಲಿ ಗುರು ಗೋವಿಂದಸಿಂಹರ ಕರೆಗೆ ಎದ್ದುನಿಂತ ಪಂಚಪ್ಯಾರೆಗಳಲ್ಲಿ ಒಬ್ಬರಾದ ಭಾಯಿ ಸಾಹಿಬಸಿಂಹರು ಬೀದರಿನವರೆಂದು ಸಿಖ್ ಪರಂಪರೆ ನೆನೆಯುತ್ತದೆ. ನಾಮದೇವರು ಕಡೆಯ ವರ್ಷಗಳನ್ನು ಕಳೆದರೆಂದು ನಂಬಲಾದ ಪಂಜಾಬಿನ ಘುಮಾನದಲ್ಲಿ 2015ರಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಮರಾಠಿಗರು ತಮ್ಮ ಸಂತನನ್ನು ಹುಡುಕಿಕೊಂಡು ಅಲ್ಲಿಯವರೆಗೆ ಹೋದರು. ಪುರಂದರವಿಠಲ, ವಿಜಯವಿಠಲ, ಜಗನ್ನಾಥವಿಠಲ ಎಂಬ ಅಂಕಿತಗಳನ್ನು ಉಳ್ಳ ನಮಗೂ ಆ ವಿಠ್ಠಲಭಕ್ತನ 61 ಪದಗಳು ದೂರದವಲ್ಲ. ಅವನ್ನು ದಾಸಸಾಹಿತ್ಯದ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ಅಧ್ಯಯನ ಪೀಠಗಳಿಗೆ ಸೇರಿದ್ದು.

ಆ ಓದು ಹಿನ್ನೆಲೆಯಲ್ಲಿದ್ದಾಗ ಮಾತ್ರ ರೇಡಿಯೋ ಸಂದರ್ಶನಕ್ಕೆ ತಕ್ಕ ಪ್ರಶ್ನೆಗಳು ಹುಟ್ಟುತ್ತವೆ. ಇಂದು ಪ್ರಸಾರವಾದದ್ದನ್ನು ಮೊಬೈಲಿನಲ್ಲಿ ಮತ್ತೆ ಮತ್ತೆ ಕೇಳುವ ಅನುಕೂಲ ಒದಗಿರುವುದರಿಂದ ಸಂದರ್ಶಕನ ಹೊಣೆ ಹೆಚ್ಚಿದೆಯೇ ಹೊರತು ಕಡಿಮೆಯಾಗಿಲ್ಲ. ಇಬ್ಬರು ಅತಿಥಿಗಳು ಒಂದೇ ಹರಿನಾಮವನ್ನು ಉಚ್ಚರಿಸಿ, ತಾವು ಅದರಿಂದ ಗ್ರಹಿಸುವ ಅರ್ಥ ಬೇರೆಯೆಂದು ಸೌಜನ್ಯದಿಂದ ಹೇಳಬಲ್ಲರಾದರೆ ಕೇಳುಗನು ಆ ಬೇರೆತನವನ್ನೂ ಗೌರವಿಸಲು ಕಲಿಯುತ್ತಾನೆ. ಒಂದೇ ಎಂದುಕೊಂಡು ಗೌರವಿಸುವುದಕ್ಕಿಂತ ಬೇರೆ ಎಂದು ತಿಳಿದು ಗೌರವಿಸುವುದು ಕಷ್ಟದ್ದು; ನೆರೆಹೊರೆಯಾಗಿ ಬಾಳುವವರಿಗೆ ಬೇಕಾದದ್ದು ಈ ಎರಡನೆಯದೇ.