ದೊಡ್ಡಮನೆಯ ಪುಸ್ತಕ, ಹಟ್ಟಿಯ ಪಾಠ

ಕ್ಯಾಲನೂರಿನಲ್ಲಿ ಕೂತು ಬ್ರೆಜಿಲ್‌ನ ಪುಸ್ತಕ ಯಾಕೆ ಓದಬೇಕು ಅಂತ ಗೆಳೆಯರು ಕೇಳಬಹುದು. ನಮ್ಮ ಪತ್ರಿಕೆಗಳಿಗೆ ಬ್ರೆಜಿಲ್ ಅಂದರೆ ಪೀಲೆಯ ಕಾಲು, ಕಾರ್ನಿವಲ್‌ನ ಕುಣಿತ. ಆ ಕುಣಿತಕ್ಕೆ ಡೋಲು ಬಡಿಯೋ ಕೈ ಯಾರದು ಅನ್ನೋದು ಅವಕ್ಕೆ ಬೇಕಿಲ್ಲ. ನಮಗೆ ಬೇಕು.

ಆಫ್ರಿಕಾದಿಂದ ಸುಮಾರು 48 ಲಕ್ಷ ಜನರನ್ನು ಹಡಗುಗಳಲ್ಲಿ ತುಂಬಿ ತಂದು ಆ ನಾಡಿನಲ್ಲಿ ಇಳಿಸಿದರು. ಅಲ್ಲಿನ ಕಬ್ಬು, ಚಿನ್ನ, ಕಾಫಿ ಎಲ್ಲಕ್ಕೂ ಅವರದೇ ಬೆವರು. ಅಮೆರಿಕ ಖಂಡಗಳಲ್ಲಿ ಗುಲಾಮಗಿರಿಯನ್ನು ಕಟ್ಟಕಡೆಗೆ, 1888ರಲ್ಲಿ, ಕೈಬಿಟ್ಟ ದೇಶ ಅದು. ಬಿಡುಗಡೆ ಸಿಕ್ಕಿತು, ಭೂಮಿ ಸಿಗಲಿಲ್ಲ. 1890ರ ದಂಡಸಂಹಿತೆ ಕಪ್ಪು ಜನರ ಕಪೊಯೆರಾವನ್ನು, ಅಂದರೆ ಕುಣಿತವೂ ಕಾದಾಟವೂ ಆದ ಅವರ ಆಟವನ್ನು, ಅಪರಾಧ ಅಂತ ಸಾರಿತು. ಅದೇ ಆಟ 2014ರಲ್ಲಿ ಯುನೆಸ್ಕೋ ಪಟ್ಟಿ ಸೇರಿ ಇಡೀ ಜಗತ್ತಿನ ಪರಂಪರೆ ಆಯಿತು. ಬೇಡಿ ಹಾಕಿದ ನಾಡೇ ಹಾರ ಹಾಕಿತು!

ಈ ಹಾರದ ಹಿಂದಿನ ಮನಸ್ಸು ತಿಳಿಯಲು ಎರಡು ಪುಸ್ತಕ ನೋಡಬೇಕು. ಬರೆದ ಇಬ್ಬರೂ ರೆಸೀಫೆ ಪಟ್ಟಣದವರು, ಮನೆತನದ ಹೆಸರೂ ಕಿವಿಗೆ ಒಂದೇ: ಗಿಲ್ಬರ್ಟೊ ಫ್ರೇರೆ, ಪಾವ್ಲೊ ಫ್ರೇರೆ.

1933ರಲ್ಲಿ ಬಂದ ಗಿಲ್ಬರ್ಟೊನ ಪುಸ್ತಕದ ಹೆಸರು ಕನ್ನಡದಲ್ಲಿ ‘ದೊಡ್ಡಮನೆ ಮತ್ತು ಗುಲಾಮರ ಹಟ್ಟಿ’ ಅಂತಾಗುತ್ತೆ. ಉಳ್ಳವರು ಆಫ್ರಿಕಾದ ರಕ್ತಕ್ಕೆ ನಾಚುತ್ತಿದ್ದ ಕಾಲದಲ್ಲಿ, ನಮ್ಮ ಅಡುಗೆ, ಹಾಡು, ಮಾತು ಎಲ್ಲದರಲ್ಲೂ ಆಫ್ರಿಕಾ ಇದೆ ಅಂತ ಆತ ಬರೆದ. ಧಣಿಗಳ ಕ್ರೌರ್ಯವನ್ನೂ ಮುಚ್ಚಿಡಲಿಲ್ಲ. ಇದು ಸಣ್ಣ ಮಾತಲ್ಲ. ಆದರೆ ನಿಂತು ನೋಡಿದ್ದು ದೊಡ್ಡಮನೆಯ ಜಗಲಿಯಿಂದ. ಅಲ್ಲಿಂದ ಕಾಣೋದು ಧಣಿಯ ಮಗುವಿಗೆ ಹಾಲೂಡಿಸುವ ಕಪ್ಪು ದಾದಿ. ಆಕೆಯ ಸ್ವಂತ ಕೂಸು ಹಟ್ಟಿಯಲ್ಲಿ ಏನು ಕುಡಿಯಿತು ಅನ್ನೋದು ಆ ಪುಸ್ತಕದ ಮುಖ್ಯ ಪ್ರಶ್ನೆ ಆಗಲೇ ಇಲ್ಲ. ‘ನಮ್ಮಲ್ಲಿ ಬಣ್ಣದ ಭೇದವಿಲ್ಲ, ಎಲ್ಲರೂ ಬೆರೆತಿದ್ದೇವೆ’ ಅನ್ನೋ ಸುಳ್ಳು ಈ ಪುಸ್ತಕದ ಹೆಗಲೇರಿ ಬೆಳೆಯಿತು.

ಈ ಸುಳ್ಳು ನಮಗೆ ಹೊಸದೇ? 2023ರಲ್ಲಿ ಚಿಕ್ಕಬಳ್ಳಾಪುರ ಜಿಲ್ಲೆಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ ಪದ್ಮಶ್ರೀ ಬಂತು. ನಮ್ಮೆಲ್ಲರ ಹೆಮ್ಮೆ ಅದು. ಅದಕ್ಕೆ ಕೆಲವೇ ತಿಂಗಳ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ದಲಿತ ಹುಡುಗನೊಬ್ಬ ದೇವರ ಕೋಲು ಮುಟ್ಟಿದ ಅಂತ ಮನೆಯವರಿಗೆ 60,000 ರೂಪಾಯಿ ದಂಡ ಹಾಕಿದರು. ತಮಟೆಯ ಸದ್ದು ಜಾತ್ರೆಗೆ ಬೇಕು, ಬಡಿಯೋ ಕೈ ದೇವರ ಹತ್ತಿರ ಸುಳಿಯಬಾರದು.

ಪಾವ್ಲೊ ಹಟ್ಟಿಯವನಲ್ಲ, ಆದರೆ ಹಟ್ಟಿಗೆ ಹೋಗಿ ಕೂತ. 1963ರಲ್ಲಿ ಅಂಗಿಕೋಸ್ ಎಂಬಲ್ಲಿ ಸುಮಾರು 300 ದುಡಿಯುವ ಜನರಿಗೆ 40 ಗಂಟೆಗಳಲ್ಲಿ ಓದು ಬರಹ ಕಲಿಸುವ ಪ್ರಯೋಗ ನಡೆಸಿದ. ಅಕ್ಷರ ಬಾರದವರಿಗೆ ಅಲ್ಲಿ 1985ರ ತನಕ ಓಟಿರಲಿಲ್ಲ. ಅಕ್ಷರ ಕೊಟ್ಟರೆ ಓಟು ಕೊಟ್ಟಂತೆಯೇ! 1964ರಲ್ಲಿ ಸೈನ್ಯ ಅಧಿಕಾರ ಕಿತ್ತುಕೊಂಡು ಆತನನ್ನು ಜೈಲಿಗೆ ತಳ್ಳಿತು. ದೇಶಬಿಟ್ಟು ಚಿಲಿಯಲ್ಲಿದ್ದಾಗ ಬರೆದದ್ದು ‘ದಮನಿತರ ಶಿಕ್ಷಣಶಾಸ್ತ್ರ’. ದಕ್ಷಿಣ ಆಫ್ರಿಕಾದಲ್ಲಿ ಸ್ಟೀವ್ ಬೀಕೋ ಮತ್ತು ಸಂಗಾತಿಗಳು ಇದೇ ವಿಚಾರಗಳನ್ನು ಕೈಗೆತ್ತಿಕೊಂಡರು. ಬ್ರೆಜಿಲ್ ಜಗತ್ತಿಗೆ ಕೊಟ್ಟದ್ದು ಬರೀ ಕುಣಿತವಲ್ಲ.

ಆದರೆ ಪಾವ್ಲೊನನ್ನೂ ಕಣ್ಣುಮುಚ್ಚಿ ಒಪ್ಪಬೇಕಿಲ್ಲ. ದಮನಿತನ ಒಳಗೇ ಧಣಿ ಮನೆಮಾಡಿರುತ್ತಾನೆ ಅಂತ ಆತ ಹೇಳುತ್ತಾನೆ, ಸರಿ. ನಮ್ಮ ಕೇರಿಗಳಲ್ಲೇ ತಮಟೆ ಹಿಡಿದವನನ್ನು ಕೀಳಾಗಿ ನೋಡುವ ಕಣ್ಣುಗಳಿವೆಯಲ್ಲ, ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಆ ಜಾತಿ ತಿಳಿಯಬೇಕಾದರೆ ಅಂಬೇಡ್ಕರರನ್ನೇ ಓದಬೇಕು.

ಆತನ ಪಾಠದ ಕ್ರಮ ಮಾತ್ರ ನಮ್ಮ ಮೇಷ್ಟ್ರುಗಳಿಗೆ ಇವತ್ತೇ ಬೇಕು. ಕೂಲಿಯವನ ಬದುಕಿನಿಂದಲೇ ಒಂದು ಪದ, ಇಟ್ಟಿಗೆ ಅಂತಿಟ್ಟುಕೊಳ್ಳಿ, ಎತ್ತಿಕೊಂಡು ಇದನ್ನು ಸುಟ್ಟವರು ಯಾರು, ಮನೆ ಯಾರದು ಅಂತ ಮೊದಲು ಮಾತಾಡಿಸೋದು. ಆಮೇಲೆ ಪದ ಒಡೆದು ಕಾಗುಣಿತ ಕಲಿಸೋದು.

ಕ್ಯಾಲನೂರಿನ ಕರಿಹಲಗೆಯ ಮೇಲೆ ‘ತಮಟೆ’ ಅಂತ ಬರೆಯಿರಿ. ಚರ್ಮ ಹದ ಮಾಡಿದವರು ಯಾರು? ಹೆಣದ ಮುಂದೆ ಬಡಿಯೋರು ಯಾರು? ದೇವರ ಕೋಲು ಹಿಡಿಯೋರು ಯಾರು? ಮಕ್ಕಳು ಉತ್ತರ ಹೇಳಲಿ. ತ, ಮ, ಟೆ ಆಮೇಲೆ ತಾನಾಗೇ ಬರುತ್ತೆ.